ಕುದುರೆ ಪರದೇಶದ್ದಾದರೂ ಲಗಾಮು ಕನ್ನಡದ್ದಿರಲಿ

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಓದುವ ನಾಲ್ವರು ಹುಡುಗರು ಬಂಟ್ವಾಳದ ನಮ್ಮ ಪ್ರೆಸ್ಸಿಗೆ ಬಂದರು. ಗೆಳೆಯರೆಲ್ಲ ಸೇರಿ ಮೂರು ದಿನ ಹಳೆಯ ಕೌಬಾಯ್ ಚಿತ್ರಗಳನ್ನು ತೋರಿಸುತ್ತಾರಂತೆ, ಅದಕ್ಕೆ ಪೋಸ್ಟರ್ ಆಗಬೇಕು. ಟೊಪ್ಪಿ ಹಾಕಿದ ಒಬ್ಬ, ಬಾಯಲ್ಲಿ ಚುಟ್ಟಾ, ಹಿಂದೆ ಕೆಂಪು ಬಂಡೆ. ಚೆನ್ನಾಗಿಯೇ ಇತ್ತು. ಆದರೆ ಹುಡುಕಿದರೂ ಒಂದು ಕನ್ನಡ ಅಕ್ಷರ ಇರಲಿಲ್ಲ. ಯಾಕೆ ಎಂದು ಕೇಳಿದೆ. "ಕನ್ನಡ ಹಾಕಿದರೆ ಆ ಫೀಲ್ ಬರುವುದಿಲ್ಲ ಅಣ್ಣ" ಎಂದ ಒಬ್ಬ. ಬೆಳ್ತಂಗಡಿ ಕಡೆಯ ಹುಡುಗ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು!

ಸಿಟ್ಟು ಬಂತು. ಆದರೂ ಬೈಯಲಿಲ್ಲ. ಯಾಕೆಂದರೆ ಆ ಚಿತ್ರಗಳ ಹುಚ್ಚು ನನಗೂ ಇದೆ. ಅಪ್ಪನ ಟ್ರೆಡಲ್ ಮೆಷಿನ್ ನಿಂತ ಕೂಡಲೇ, ಕೈಯ ಮಸಿಯನ್ನೂ ತೊಳೆಯದೆ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನ ಮುಂದೆ ಕೂತವನು ನಾನು. ಇಂಗ್ಲಿಷ್ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ಕತೆ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಕಾನೂನು ತಲುಪದ ಊರು, ಬೆಳೆದವನ ಬೆಳೆ ದೋಚುವ ಪುಂಡರು, ಹೆದರಿ ಬಾಗಿಲು ಹಾಕಿಕೊಳ್ಳುವ ಜನ, ಎಲ್ಲಿಂದಲೋ ಬಂದ ಒಬ್ಬ ಅಪರಿಚಿತ. ಅವನು ನಿಲ್ಲುತ್ತಾನೋ, ಓಡುತ್ತಾನೋ? ಇದನ್ನು ತಿಳಿಯುವ ಆಸೆ ಯಾವ ದೇಶದವನಿಗಿಲ್ಲ ಹೇಳಿ?

ಆದ್ದರಿಂದಲೇ ಈ ಕತೆ ಲೋಕ ಸುತ್ತಿದೆ. ಅಮೆರಿಕದ ಜಾನ್ ಫೋರ್ಡ್ 1939ರಲ್ಲಿ 'ಸ್ಟೇಜ್‌ಕೋಚ್' ತೆಗೆದ. ಫೋರ್ಡನನ್ನು ಮೆಚ್ಚಿದ್ದ ಜಪಾನಿನ ಅಕಿರ ಕುರೊಸಾವ 1954ರಲ್ಲಿ 'ಸೆವೆನ್ ಸಮುರಾಯ್' ಮಾಡಿದ. ಅಲ್ಲಿ ಪಿಸ್ತೂಲಿನ ಜಾಗಕ್ಕೆ ಕತ್ತಿ ಬಂತು, ಮಾತೂ ಮಣ್ಣೂ ಜಪಾನಿನದಾಯಿತು. ಅದನ್ನೇ ಅಮೆರಿಕನ್ನರು 1960ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂದು ಮರಳಿ ಕೌಬಾಯ್ ಕತೆ ಮಾಡಿಕೊಂಡರು; 2016ರಲ್ಲಿ ಇನ್ನೊಮ್ಮೆ ಮಾಡಿದರು. ಕುರೊಸಾವನ 'ಯೋಜಿಂಬೊ' (1961) ಇಟಲಿಯ ಸರ್ಜಿಯೊ ಲಿಯೋನ್ ಕೈಗೆ ಸಿಕ್ಕಿ, ಸ್ಪೇನಿನ ಬಯಲಲ್ಲಿ ಚಿತ್ರೀಕರಣಗೊಂಡು, 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಯಿತು. ಕೇಳದೆ ಎತ್ತಿಕೊಂಡದ್ದಕ್ಕೆ ಕೇಸು ಬಿತ್ತು, ಗಳಿಕೆಯಲ್ಲಿ ಪಾಲು ಕೊಟ್ಟು ರಾಜಿಯಾಯಿತು. ಕ್ಲಿಂಟ್ ಈಸ್ಟ್‌ವುಡ್‌ನ 'ಅನ್‌ಫರ್ಗಿವನ್' (1992) ಚಿತ್ರವನ್ನು ಜಪಾನಿನವರು 2013ರಲ್ಲಿ ತಮ್ಮ ಹೊಕ್ಕೈಡೊ ದ್ವೀಪದ ಕತೆಯಾಗಿ ಮಾಡಿಕೊಂಡರು. ಕೊಟ್ಟದ್ದು ತಿರುಗಿ ಬಂತು, ಬಂದದ್ದು ಮತ್ತೆ ಹೋಯಿತು.

ರೀಮೇಕ್ ಎಂದರೆ ಮೂಗು ಮುರಿಯುವವರು ನಮ್ಮ ಬಯಲಾಟಕ್ಕೆ ಬರಬೇಕು. ಕರ್ಣ ಸಾಯುತ್ತಾನೆಂದು ಯಾರಿಗೆ ಗೊತ್ತಿಲ್ಲ? ಆದರೂ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚದೆ ಕೂತ ಊರು ಇದು. ಪ್ರಸಂಗ ಹಳೆಯದು, ಪದ್ಯ ಹಳೆಯದು. ಆದರೆ ಅರ್ಥಧಾರಿಯ ಬಾಯಲ್ಲಿ ಹುಟ್ಟುವ ಮಾತು ಆ ರಾತ್ರಿಯದು. ಹಳೆಯ ಕತೆ ಬಾಳುವುದೇ ಹೊಸ ಬಾಯಿಂದ.

ಹಾಗಾದರೆ ನಮ್ಮ ಗಾಂಧಿನಗರದ ರೀಮೇಕುಗಳ ಬಗ್ಗೆ ತಕರಾರೇಕೆ? ಮುದ್ರಣದವನ ಮಾತಿನಲ್ಲಿ ಹೇಳುತ್ತೇನೆ. ಮೊಳೆ ಬಿಚ್ಚಿ ಮತ್ತೆ ಜೋಡಿಸಿದರೆ ಅದು ಹೊಸ ಪುಟ. ಅವರಿವರ ಪ್ಲೇಟು ತಂದು ಒತ್ತಿದರೆ ಅದು ಬರೀ ನಕಲು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಡಬ್ಬಿಂಗ್ ವಿರುದ್ಧ ಬೀದಿಗಿಳಿದದ್ದು ಕನ್ನಡದ ಕಲಾವಿದರಿಗೆ, ಕನ್ನಡದ ಕತೆಗೆ ಜಾಗ ಸಿಗಲೆಂದು. ಆ ಜಾಗದಲ್ಲಿ ಒಳ್ಳೆಯ ಚಿತ್ರಗಳು ಬಂದವು, ನಿಜ. ಆದರೆ ಅದೇ ಜಾಗದಲ್ಲಿ ಕೆಲವರು ತಮಿಳು, ತೆಲುಗಿನ ಚಿತ್ರಗಳನ್ನು ಕ್ಯಾಮೆರಾ ಇಟ್ಟ ಕೋನವನ್ನೂ ಬಿಡದೆ ಇಳಿಸಿ ದುಡ್ಡು ಎಣಿಸಿದರು. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ತೆರೆಗೆ ಬಂತು. ಈಗ ಮುಂಬಾಗಿಲೂ ತೆರೆದಿದೆ. ಇನ್ನು ಕನ್ನಡ ಉಳಿಯಬೇಕಾದದ್ದು ಚಿಲಕದಿಂದಲ್ಲ, ಕತೆಯ ಕಸುವಿನಿಂದ.

ಕತೆಯನ್ನು ನಾವು ಹೇಳದಿದ್ದರೆ ಏನಾಗುತ್ತದೆ? ರಾಮನಗರಕ್ಕೆ ಹೋಗಿ ನೋಡಿ. ಕುರೊಸಾವನ ಚಿತ್ರವನ್ನೂ ಲಿಯೋನ್ ಚಿತ್ರಗಳನ್ನೂ ಅರಗಿಸಿಕೊಂಡ ರಮೇಶ್ ಸಿಪ್ಪಿ 1973ರ ಅಕ್ಟೋಬರಿನಲ್ಲಿ ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿ ಕ್ಯಾಮೆರಾ ಇಟ್ಟರು. 1975ರ ಆಗಸ್ಟ್ 15ಕ್ಕೆ 'ಶೋಲೆ' ಬಂತು. ಬಂಡೆ ನಮ್ಮದು, ಬಿಸಿಲು ನಮ್ಮದು. ಊರಿನ ಹೆಸರು ರಾಮಗಢ, ಮಾತು ಹಿಂದಿ. ಶೋಲೆ ಮಹಾ ಚಿತ್ರ, ಅದನ್ನು ಹೊಗಳಲು ಹಿಂಜರಿಕೆಯಿಲ್ಲ. ಆದರೆ ನಮ್ಮ ಬೆಟ್ಟವನ್ನು 'ಶೋಲೆ ಬೆಟ್ಟ' ಎಂದು ನಾವೇ ಕರೆಯುವಂತಾಯಿತಲ್ಲ, ಅದು ಸಿಪ್ಪಿಯವರ ತಪ್ಪೇ? ಕಣ್ಣೆದುರಿಗಿದ್ದದ್ದು ನಮಗೆ ಕಾಣಲಿಲ್ಲ, ಅವರಿಗೆ ಕಂಡಿತು.

ಕಂಡವರೂ ನಮ್ಮಲ್ಲಿದ್ದಾರೆ. 1978ರಲ್ಲಿ ಗಿರೀಶ್ ಕಾರ್ನಾಡರು ಅದೇ ಕುರೊಸಾವನ ದಾರಿಯಲ್ಲಿ 'ಒಂದಾನೊಂದು ಕಾಲದಲ್ಲಿ' ತೆಗೆದರು. ಸಮುರಾಯ್ ಹೋಗಿ ನಮ್ಮ ನಾಡಿನ ಕೂಲಿ ಸೈನಿಕ ಬಂದ. ಶಂಕರ್ ನಾಗ್ ಎಂಬ ಹುಡುಗ ಮೊದಲ ಚಿತ್ರದಲ್ಲೇ ಗಂಡುಗಲಿಯಾಗಿ ನಿಂತ. ಅದರಲ್ಲಿ ಜಪಾನಿನ ವಾಸನೆ ಹುಡುಕಿದವರಿಗೆ ಕನ್ನಡದ ಬೆವರಿನ ವಾಸನೆ ಸಿಕ್ಕಿತು. 2014ರಲ್ಲಿ ರಕ್ಷಿತ್ ಶೆಟ್ಟಿಯ 'ಉಳಿದವರು ಕಂಡಂತೆ' ಮಲ್ಪೆಯ ಮೀನು, ಹುಲಿವೇಷಗಳ ನಡುವೆ ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿತು. ಅದನ್ನು ತಮಿಳಿನವರು 2017ರಲ್ಲಿ 'ರಿಚಿ' ಎಂದು ರೀಮೇಕ್ ಮಾಡಿದರು. 2019ರ 'ಅವನೇ ಶ್ರೀಮನ್ನಾರಾಯಣ' ಕೌಬಾಯ್ ಟೊಪ್ಪಿಗೂ ಕನ್ನಡ ಮಾತಾಡಿಸಿತು. ಆಗ 'ಫೀಲ್' ಎಲ್ಲಿ ಹೋಗಿತ್ತು?

ಇನ್ನೊಂದು ಸಂಗತಿ ಕೇಳಿ. ಫೋರ್ಡ್ ಆ ಕೆಂಪು ಬಂಡೆಗಳನ್ನು ಚಿತ್ರೀಕರಿಸಿದ್ದು ನವಾಹೊ ಎಂಬ ಮೂಲನಿವಾಸಿಗಳ ನೆಲದಲ್ಲಿ. ನವಾಹೊ ಜನಕ್ಕೇ ಬೇರೆ ಬುಡಕಟ್ಟಿನ ವೇಷ ಹಾಕಿಸಿ, ಗುಂಡಿಗೆ ಬೀಳುವ ಶತ್ರುಗಳಾಗಿ ಓಡಿಸಿದರು. ಅವರ ನೆಲ ತೆರೆ ತುಂಬ ಕಂಡಿತು, ಅವರ ಮಾತು ಮಾತ್ರ ಕೇಳಿಸಲಿಲ್ಲ. ಆ ಜನ ಏನು ಮಾಡಿದರು ಗೊತ್ತೇ? 2021ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಚಿತ್ರಕ್ಕೆ ತಮ್ಮದೇ ಜನರ ಕಂಠದಲ್ಲಿ ನವಾಹೊ ಮಾತು ಕೂಡಿಸಿ ತೋರಿಸಿದರು, ಮಕ್ಕಳು ಭಾಷೆ ಮರೆಯಬಾರದೆಂದು. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಕಲಿತ ನಮಗೆ ಇದು ಅರ್ಥವಾಗದ ಮಾತಲ್ಲ. ಅಷ್ಟು ಕಡಿಮೆ ಜನಕ್ಕೆ ಇರುವ ಛಲ ಕೋಟಿಗಟ್ಟಲೆ ಇರುವ ನಮಗೆ ಬೇಡವೇ?

ಕತೆಗೆ ನಮ್ಮಲ್ಲಿ ಬರಗಾಲವೂ ಇಲ್ಲ. ಬೆಳ್ತಂಗಡಿಯ ಹುಡುಗ ದಿನವೂ ನೋಡುವ ಗಡಾಯಿಕಲ್ಲು ಯಾವ ಅಮೆರಿಕದ ಬಂಡೆಗೆ ಕಡಿಮೆ? 1794ರಲ್ಲಿ ಟಿಪ್ಪು ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ. 1837ರಲ್ಲಿ ಕಂದಾಯವನ್ನು ನಗದಿನಲ್ಲೇ ಕೇಳಿದ ಕಂಪನಿ ಸರಕಾರದ ವಿರುದ್ಧ ಸುಳ್ಯದ ಕಡೆಯ ರೈತರು ಎದ್ದು, ಬಂಟ್ವಾಳದ ಮೂಲಕ ಸಾಗಿ, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿ 13 ದಿನ ಆಳಿದರು. ನಂದಾವರದ ಬಂಗರಸರೂ ಜೊತೆಗಿದ್ದರು. ಮುಂದಾಳುಗಳನ್ನು ಗಲ್ಲಿಗೇರಿಸಿದ ಬ್ರಿಟಿಷರು ಆ ಹೋರಾಟವನ್ನು ದರೋಡೆ ಎಂದರು. ನಾವೂ ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಕರೆದೆವು. ತನ್ನ ನೆಲಕ್ಕಾಗಿ ನಿಂತವನನ್ನೇ ಕಳ್ಳನೆಂದು ತೋರಿಸುವ ಈ ಕಲೆಯನ್ನು ನೀವು ಹಳೆಯ ಕೌಬಾಯ್ ಚಿತ್ರಗಳಲ್ಲೂ ನೋಡಿದ್ದೀರಿ. ತಿರುಗಿಸಿ ಹೇಳುವವರು ಯಾರು?

ತರುಣರೇ, ಫೋರ್ಡನನ್ನು ನೋಡಿ, ಲಿಯೋನನ್ನು ನೋಡಿ, ಕುರೊಸಾವನನ್ನು ಎರಡು ಸಲ ನೋಡಿ. ನೋಡಿದ ಮೇಲೆ ಜಗಲಿಯಲ್ಲಿ ಕೂತು ಕನ್ನಡದಲ್ಲಿ, ತುಳುವಿನಲ್ಲಿ ಜಗಳವಾಡಿ. ಯಾರದಾದರೂ ಕತೆ ತೆಗೆದುಕೊಂಡರೆ ಸಾಲವೆಂದು ಹೇಳಿಯೇ ತೆಗೆದುಕೊಳ್ಳಿ. ನಕಲು ಬಂದರೆ ಟಿಕೇಟು ಕೊಳ್ಳಬೇಡಿ; ನಮ್ಮ ನೆಲದಲ್ಲಿ ಬೇರು ಬಿಟ್ಟ ಚಿತ್ರ ಬಂದರೆ ಮೊದಲ ವಾರವೇ ಹೋಗಿ. ಎರಡನೇ ವಾರಕ್ಕೆ ಅದು ಥಿಯೇಟರಿನಲ್ಲಿ ಇರುತ್ತದೆಂಬ ಭರವಸೆಯಿಲ್ಲ.

ಆ ಹುಡುಗರ ಪೋಸ್ಟರನ್ನು ಅವರು ಕೇಳಿದಂತೆಯೇ ಅಚ್ಚು ಹಾಕಿಕೊಟ್ಟೆ. ಜೊತೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇನ್ನೊಂದನ್ನು ಕೂರಿಸಿ ಹತ್ತು ಪ್ರತಿ ಪುಕ್ಕಟೆ ಕೊಟ್ಟೆ. ಬೆಳ್ತಂಗಡಿಯ ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತ. "ಇದನ್ನು ಗೇಟಿನ ಹತ್ತಿರ ಹಾಕುತ್ತೇವೆ ಅಣ್ಣ" ಎಂದ. ಹಾಕಲಿ. ಮುಂದಿನ ಸಲ ಅವನು ತನ್ನದೇ ಚಿತ್ರದ ಪೋಸ್ಟರ್ ಹಿಡಿದು ಬರಲಿ. ಅಕ್ಷರ ನಾನು ಕೊಡುತ್ತೇನೆ, ಕತೆ ಅವನು ತರಬೇಕು.