ಪ್ರತಿಭೆಯ ತಕ್ಕಡಿಯೂ ಹೆಸರಿನ ಭಾರವೂ

1982ರಲ್ಲಿ ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೆಸಿ ಎಂಬ ಅಮೇರಿಕದ ಇಬ್ಬರು ಮನಃಶಾಸ್ತ್ರಜ್ಞರು ತಾವು ನಡೆಸಿದ ವಿಚಿತ್ರ ಪ್ರಯೋಗವೊಂದರ ವರದಿಯನ್ನು ಪ್ರಕಟಿಸಿದರು. ಪ್ರತಿಷ್ಠಿತ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಬರೆದು, ಹೆಸರಾಂತ ಸಂಶೋಧನಾ ಪತ್ರಿಕೆಗಳಲ್ಲಿ ಅದಾಗಲೇ ಪ್ರಕಟವಾಗಿದ್ದ 12 ಪ್ರಬಂಧಗಳನ್ನು ಅವರು ಆಯ್ದುಕೊಂಡಿದ್ದರು. ಲೇಖಕರ ಹೆಸರನ್ನು ಬದಲಾಯಿಸಿ, ಸಂಸ್ಥೆಯ ಜಾಗದಲ್ಲಿ ಯಾರೂ ಕೇಳಿರದ ಕಾಲ್ಪನಿಕ ಹೆಸರೊಂದನ್ನು ಬರೆದು, ಆಯಾ ಪ್ರಬಂಧವನ್ನು ಅದನ್ನು ಮೊದಲು ಪ್ರಕಟಿಸಿದ್ದ ಪತ್ರಿಕೆಗೇ ಮರಳಿ ಕಳುಹಿಸಿದರು. ಇದು ಹಳೆಯ ಪ್ರಬಂಧವೆಂದು ಗುರುತಿಸಲ್ಪಟ್ಟದ್ದು ಮೂರು ಪ್ರಕರಣಗಳಲ್ಲಿ ಮಾತ್ರ. ಉಳಿದ ಒಂಭತ್ತರಲ್ಲಿ ಎಂಟು ತಿರಸ್ಕೃತವಾದವು. ಅಧ್ಯಯನದ ವಿಧಾನದಲ್ಲೇ ಗಂಭೀರ ದೋಷಗಳಿವೆ ಎಂಬುದು ಅನೇಕ ಪರಿಶೀಲಕರು ಕೊಟ್ಟ ಕಾರಣ! ಎರಡು ಮೂರು ವರ್ಷಗಳ ಹಿಂದೆ ಅದೇ ಪತ್ರಿಕೆಗೆ ಕಾಣದಿದ್ದ ದೋಷಗಳು ಈಗ ಹೇಗೆ ಕಂಡವು? ಮುಖ್ಯವಾಗಿ ಬದಲಾದದ್ದು ಹೆಸರು ಮತ್ತು ವಿಳಾಸ.

ಕೇವಲ 12 ಪ್ರಬಂಧಗಳಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂಬ ಆಕ್ಷೇಪ ಅಂದು ಕೇಳಿಬಂತು. ಆಕ್ಷೇಪ ನ್ಯಾಯವಾದದ್ದೇ. ಆದರೆ 40 ವರ್ಷಗಳ ಬಳಿಕ, 2022ರಲ್ಲಿ, ಹೆಚ್ಚು ವಿಸ್ತಾರವಾದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ ಮತ್ತು ಹೆಚ್ಚು ಪರಿಚಿತರಲ್ಲದ ಓರ್ವ ಯುವ ಸಂಶೋಧಕರು ಜೊತೆಯಾಗಿ ಬರೆದ ಒಂದೇ ಪ್ರಬಂಧವನ್ನು 500ಕ್ಕೂ ಹೆಚ್ಚು ಪರಿಶೀಲಕರು ಓದಿದರು. ಕೆಲವರಿಗೆ ಯುವ ಸಂಶೋಧಕರ ಹೆಸರು ಮಾತ್ರ ಕಾಣುತ್ತಿತ್ತು. ಅವರಲ್ಲಿ ಶೇ. 65 ಮಂದಿ ಪ್ರಬಂಧವನ್ನು ತಿರಸ್ಕರಿಸಬೇಕೆಂದರು. ಯಾವ ಹೆಸರೂ ಇಲ್ಲದ ಪ್ರತಿ ದೊರೆತವರಲ್ಲಿ ಶೇ. 48 ಮಂದಿ ಹಾಗೆಂದರು. ನೊಬೆಲ್ ಪುರಸ್ಕೃತರ ಹೆಸರನ್ನು ಕಂಡವರಲ್ಲಾದರೋ ಬೇಡವೆಂದವರು ಶೇ. 23 ಮಾತ್ರ. ಒಂದೇ ಬರಹ, ಒಂದೇ ವಾದ, ಒಂದೇ ಲೆಕ್ಕಾಚಾರ. ಆದರೂ ತೀರ್ಪು ಮೂರು ಬಗೆ. ಹಾಗಿದ್ದರೆ ಆ ತಕ್ಕಡಿಯಲ್ಲಿ ತೂಗಲ್ಪಟ್ಟದ್ದು ಪ್ರತಿಭೆಯೇ?

ಈ ರೋಗಕ್ಕೆ ಸಮಾಜಶಾಸ್ತ್ರಜ್ಞರು ಬಹು ಹಿಂದೆಯೇ ಹೆಸರಿಟ್ಟಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ರಾಬರ್ಟ್ ಕೆ. ಮರ್ಟನ್ 1968ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು 'ಮ್ಯಾಥ್ಯೂ ಪರಿಣಾಮ' ಎಂದು ಕರೆದರು. ಇದ್ದವನಿಗೆ ಇನ್ನಷ್ಟು ದೊರೆಯುತ್ತದೆ, ಇಲ್ಲದವನಿಂದ ಇದ್ದುದೂ ಕಳಚಿಹೋಗುತ್ತದೆ ಎಂಬರ್ಥದ ಮ್ಯಾಥ್ಯೂ ಸುವಾರ್ತೆಯ ಮಾತಿನಿಂದ ಬಂದ ಹೆಸರಿದು. ಇಬ್ಬರು ವಿಜ್ಞಾನಿಗಳು ಜೊತೆಯಾಗಿ ದುಡಿದರೆ ಕೀರ್ತಿ ಮೊದಲೇ ಕೀರ್ತಿವಂತನಾಗಿರುವವನ ಪಾಲಾಗುತ್ತದೆ. ಕೀರ್ತಿಯಿಂದ ಅನುದಾನ, ಅನುದಾನದಿಂದ ಉತ್ತಮ ಪ್ರಯೋಗಾಲಯ, ಅದರಿಂದ ಇನ್ನಷ್ಟು ಕೀರ್ತಿ. ಆರಂಭದ ಸಣ್ಣ ಅಂತರವು ಹತ್ತಿಪ್ಪತ್ತು ವರ್ಷಗಳಲ್ಲಿ ದಾಟಲಾಗದ ಕಂದಕವಾಗುತ್ತದೆ.

ವಿಪರ್ಯಾಸವೆಂದರೆ, ಈ ಸಿದ್ಧಾಂತವೇ ತನ್ನ ಸತ್ಯಕ್ಕೆ ಸಾಕ್ಷಿಯಾಯಿತು. ಮರ್ಟನ್ ಆಧಾರವಾಗಿರಿಸಿಕೊಂಡದ್ದು ನೊಬೆಲ್ ಪುರಸ್ಕೃತ ವಿಜ್ಞಾನಿಗಳೊಂದಿಗೆ ಹ್ಯಾರಿಯೆಟ್ ಝುಕರ್‌ಮನ್ ಎಂಬ ಯುವ ಸಂಶೋಧಕಿ ನಡೆಸಿದ್ದ ಸಂದರ್ಶನಗಳನ್ನು. ಆದರೆ ಪ್ರಬಂಧ ಪ್ರಕಟವಾದದ್ದು ಮರ್ಟನ್‌ರೊಬ್ಬರ ಹೆಸರಿನಲ್ಲಿ. ಅದು ಇಬ್ಬರ ಹೆಸರಿನಲ್ಲಿ ಬರಬೇಕಿತ್ತೆಂದು ಅವರು ಒಪ್ಪಿಕೊಂಡದ್ದು ಐದು ವರ್ಷಗಳ ತರುವಾಯ, 1973ರಲ್ಲಿ. ಅವರು ಹಾಗೆ ಒಪ್ಪಿಕೊಂಡದ್ದು ಅವರ ದೊಡ್ಡತನ. ಆದರೆ ಅನ್ಯಾಯವನ್ನು ಕಂಡುಹಿಡಿದವರ ಕೈಯಿಂದಲೇ ಅದೇ ಅನ್ಯಾಯ ನಡೆದುಹೋಗುವುದಾದರೆ, ಅದನ್ನು ಕಾಣಲೂ ಒಲ್ಲದವರಿಂದ ಏನೇನು ನಡೆಯಬಹುದು? ಮಹಿಳೆಯರ ಸಾಧನೆ ಪುರುಷರ ಖಾತೆಗೆ ಜಮೆಯಾಗುವ ಈ ಪರಿಪಾಠಕ್ಕೆ ಇತಿಹಾಸಕಾರ್ತಿ ಮಾರ್ಗರೆಟ್ ರೊಸಿಟರ್ 1993ರಲ್ಲಿ 'ಮಟಿಲ್ಡಾ ಪರಿಣಾಮ' ಎಂದು ಹೆಸರಿಟ್ಟರು. 1967ರಲ್ಲಿ ಪಲ್ಸಾರ್‌ನ ಸಂಕೇತವನ್ನು ಮೊದಲು ಗುರುತಿಸಿದ್ದು ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ. 1974ರ ನೊಬೆಲ್ ದೊರೆತದ್ದು ಆಕೆಯ ಮಾರ್ಗದರ್ಶಕ ಆಂಟನಿ ಹೆವಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ.

ಇದೆಲ್ಲ ಎಲ್ಲೋ ಅಮೇರಿಕ ಮತ್ತು ಇಂಗ್ಲೆಂಡಿನ ಮಾತು, ನಮಗೇನು ಎಂದು ಓದುಗರು ಕೇಳಬಹುದು. ಆದರೆ ನಮ್ಮ ದೇಶದಲ್ಲಿ ಮೀಸಲಾತಿಯ ಅಥವಾ ವಿದ್ಯಾರ್ಥಿ ವೇತನದ ಪ್ರಸ್ತಾಪ ಬಂದಾಗಲೆಲ್ಲ ಎದ್ದು ನಿಲ್ಲುವ ಪದವೊಂದಿದೆ: ಮೆರಿಟ್. ಪ್ರತಿಭೆ ಸಾಯುತ್ತದೆ, ಗುಣಮಟ್ಟ ಕುಸಿಯುತ್ತದೆ ಎಂದು ಬೊಬ್ಬಿಡುವವರು ಒಂದು ಪ್ರಶ್ನೆಗೆ ಉತ್ತರಿಸಬೇಕಾಗಿದೆ. ಪ್ರತಿಭೆಯನ್ನು ಅಳೆದವರು ಯಾರು, ಯಾವ ಕೋಣೆಯಲ್ಲಿ ಕುಳಿತು?

ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಅನುಭವವನ್ನೇ ನೋಡೋಣ. ಸಂಶೋಧನಾ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯ ಅಂಕಗಳಿಗೂ ಮೌಖಿಕ ಸಂದರ್ಶನದ ಅಂಕಗಳಿಗೂ ಇರುವ ವ್ಯತ್ಯಾಸವನ್ನು ಅಲ್ಲಿನ ಅಬ್ದುಲ್ ನಾಫೆ ಸಮಿತಿ ಪರಿಶೀಲಿಸಿತು. ತಾರತಮ್ಯದ ಸೂಚನೆಗಳು ಅಂಕಗಳಲ್ಲಿ ಗೋಚರಿಸುತ್ತಿವೆ, ಸಂದರ್ಶನದ ಅಂಕವನ್ನು 30ರಿಂದ 15ಕ್ಕೆ ಇಳಿಸಿದರೆ ಅದು ತಗ್ಗುತ್ತದೆ ಎಂದು 2016ರಲ್ಲಿ ಹೇಳಿತು. ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಮಾಡಿದ್ದೇನು? ಲಿಖಿತ ಪರೀಕ್ಷೆಯನ್ನು ಕೇವಲ ಅರ್ಹತೆಗೆ ಸೀಮಿತಗೊಳಿಸಿ, ಆಯ್ಕೆಯನ್ನು ಸಂದರ್ಶನದ ಕೈಗೆ ಒಪ್ಪಿಸುವ ನಿಯಮ ತಂದಿತು! ವಿದ್ಯಾರ್ಥಿಗಳ ಪ್ರತಿಭಟನೆ ಮತ್ತು ನ್ಯಾಯಾಲಯದ ಹೋರಾಟಗಳ ನಂತರವೇ ಲೆಕ್ಕ ಬದಲಾದದ್ದು. 2022ರ ನಿಯಮಾವಳಿಯಲ್ಲಿ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಎಂದಾಯಿತು. ನಾಫೆ ಸಮಿತಿ ಬೇಡವೆಂದ 30 ಅಂಕಗಳು ಅಲ್ಲೇ ಉಳಿದವು.

ಸಂದರ್ಶನದ ಕೋಣೆಯಲ್ಲಿ ನಡೆಯುವುದೇನೆಂಬುದನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಸ್ಪಷ್ಟವಾಗಿ ವಿವರಿಸಿದ್ದಾರೆ. ಮನೆಯಲ್ಲಿ ಪುಸ್ತಕದ ಕಪಾಟು, ಊಟದ ವೇಳೆಯ ಚರ್ಚೆ, ಹಿರಿಯರ ಪರಿಚಯ ವಲಯ, ಅಳುಕಿಲ್ಲದ ಮಾತಿನ ಧಾಟಿ ಇವೆಲ್ಲ ತಂದೆಯಿಂದ ಮಗನಿಗೆ ಬರುವ ಆಸ್ತಿಗಳೇ. ಅವರು ಇದನ್ನು ಸಾಂಸ್ಕೃತಿಕ ಬಂಡವಾಳವೆಂದರು. ವಿದ್ಯಾಸಂಸ್ಥೆಗಳು ಈ ಪಿತ್ರಾರ್ಜಿತ ಆಸ್ತಿಯನ್ನು ವ್ಯಕ್ತಿಯ ಸ್ವಂತ ಪ್ರತಿಭೆಯೆಂದು ಗುರುತಿಸಿ ಪ್ರಮಾಣಪತ್ರ ಕೊಡುತ್ತವೆ. ಬೀಡಿ ಕಟ್ಟುವ ತಾಯಿಯ ಮಗ, ಗುಜರಿ ವ್ಯಾಪಾರಿಯ ಮಗಳು ಎಷ್ಟೇ ಓದಿದ್ದರೂ ಆ ಕೋಣೆಯಲ್ಲಿ ಇಂಗ್ಲಿಷ್ ತಡವರಿಸಿದರೆ ಅದು ಜ್ಞಾನದ ಕೊರತೆಯಾಗುತ್ತದೆ. ಪ್ರೊಫೆಸರರ ಮಗ ತಡವರಿಸಿದರೆ ಅದು ಆಳವಾದ ಚಿಂತನೆಯಾಗುತ್ತದೆ.

ಹೆಸರಿನ ಭಾರವಂತೂ ನಮಗೆ ಹೊಸತಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪೆನಿಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು, ಮುಸ್ಲಿಮ್ ಹೆಸರಿಗೆ ಮೂರರಲ್ಲಿ ಒಂದು ಪಾಲು ಮಾತ್ರ. ಅದು ಉದ್ಯೋಗದ ಮಾತು. ಇನ್ನು ವಿದ್ಯಾಲಯಗಳಲ್ಲಿ? ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ರಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50ರಲ್ಲಿ ಒಬ್ಬ ಮಾತ್ರ ಮುಸ್ಲಿಮನೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. 2011ರ ಜನಗಣತಿಯಂತೆ ಮುಸ್ಲಿಮರು ಶೇ. 14.2. ಆದರೆ 2021-22ರ ಸರಕಾರಿ ಸಮೀಕ್ಷೆಯಂತೆ ಉನ್ನತ ಶಿಕ್ಷಣದಲ್ಲಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ಶೇ. 5ಕ್ಕಿಂತಲೂ ಕಡಿಮೆ. ಈ ಕೊರತೆಗೆ ಬಡತನದಂತಹ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ತಾರತಮ್ಯದ ತಲೆಗೆ ಕಟ್ಟಲಾಗದು. ಆದರೆ ಆ ಕಾರಣಗಳನ್ನು ನಿವಾರಿಸಬೇಕಾದ ಸರಕಾರವೇ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022ರಲ್ಲಿ ನಿಲ್ಲಿಸಿಬಿಟ್ಟಿತು. ಬೇರೆ ಯೋಜನೆಗಳೂ ಇವೆಯೆಂಬುದು ಅದಕ್ಕೆ ಕೊಟ್ಟ ಕಾರಣ. ಏಣಿಯನ್ನು ಸರಿಸಿ, ಮೇಲೇರದವನ ಕಾಲಿನಲ್ಲಿ ಬಲವಿಲ್ಲ ಎನ್ನುವುದು ಯಾವ ನ್ಯಾಯ?

ಹೀಗೆ ಹೊರಗಿನವರನ್ನು ಪ್ರಶ್ನಿಸುವ ನಾವು ಒಮ್ಮೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ನಮ್ಮ ಸನ್ಮಾನ ಸಭೆಗಳಲ್ಲಿ ಶಾಲು ಯಾರ ಹೆಗಲಿಗೆ ಬೀಳುತ್ತದೆ? ಇಂಜಿನಿಯರ್, ಡಾಕ್ಟರ್ ಮತ್ತು ಗಲ್ಫ್‌ನಿಂದ ಬಂದ ದಾನಿಗಳಿಗೆ. ಸಮಾಜಶಾಸ್ತ್ರದಲ್ಲೋ ಇತಿಹಾಸದಲ್ಲೋ ನಾಲ್ಕು ವರ್ಷ ತಲೆತಗ್ಗಿಸಿ ಸಂಶೋಧನೆ ಮಾಡುವ ಹುಡುಗನಿಗೆ ಸಿಗುವ ಮನ್ನಣೆಯೆಂದರೆ, "ಇನ್ನೂ ಓದುತ್ತಾ ಇದ್ದೀಯಾ?" ಎಂಬ ಪ್ರಶ್ನೆ. ಪಿಎಚ್‌ಡಿಗೆ ನೋಂದಾಯಿಸಿದ ಹುಡುಗಿಯ ವಿವಾಹ ನಿಶ್ಚಯವಾದೊಡನೆ ಆಕೆಯ ಪ್ರಬಂಧ ಅಟ್ಟ ಸೇರುತ್ತದೆ. ಝುಕರ್‌ಮನ್‌ಗೆ ಐದು ವರ್ಷಗಳ ನಂತರವಾದರೂ ಒಂದು ತಪ್ಪೊಪ್ಪಿಗೆ ದಕ್ಕಿತು. ಈ ಹುಡುಗಿಯರಿಗೆ ದಕ್ಕಿದ್ದೇನು? ನಮ್ಮ ಕುರಿತ ಅಧ್ಯಯನಗಳನ್ನೆಲ್ಲ ಇತರರೇ ಬರೆಯುತ್ತಾರೆಂದು ದೂರುವ ನಾವು, ಬರೆಯಬಲ್ಲವರನ್ನು ನಮ್ಮ ಮನೆಯ ಹೊಸ್ತಿಲಲ್ಲೇ ತಡೆದಿದ್ದೇವೆ.

ಹಾಗಾದರೆ ಗುಣಮಟ್ಟವೇ ಬೇಡವೆಂಬುದು ಈ ವಾದದ ತಾತ್ಪರ್ಯವೇ? ಖಂಡಿತ ಅಲ್ಲ. 2022ರ ಅಧ್ಯಯನದ ಅಂಕಿಗಳನ್ನು ಇನ್ನೊಮ್ಮೆ ಗಮನಿಸಿರಿ. ಹೆಸರನ್ನು ಮರೆಮಾಡಿದಾಗ ಖ್ಯಾತನ ಅನುಕೂಲ ಇಳಿಯಿತು, ಅಜ್ಞಾತನ ಹೊರೆಯೂ ಇಳಿಯಿತು. ನಾವು ಕೇಳುವುದು ಇಷ್ಟನ್ನೇ: ಬರಹವನ್ನು ಹೆಸರು ನೋಡದೆ ತೂಗಿರಿ. ಸಂದರ್ಶನದ ಅಂಕವನ್ನು ತಗ್ಗಿಸಿರಿ, ಕೊಟ್ಟ ಅಂಕಕ್ಕೆ ಲಿಖಿತ ಕಾರಣ ಕೊಡಿರಿ. ವರ್ಗವಾರು ಅಂಕಗಳನ್ನು ಪ್ರತಿ ವರ್ಷ ಬಹಿರಂಗಪಡಿಸಿರಿ. ನಿಲ್ಲಿಸಿದ ಫೆಲೋಶಿಪ್ಪನ್ನು ಮರಳಿ ಆರಂಭಿಸಿರಿ. ಪ್ರತಿಭೆಯಲ್ಲಿ ನಿಜವಾದ ನಂಬಿಕೆಯುಳ್ಳವರು ಇದಕ್ಕೆ ಹೆದರಬೇಕಾಗಿಲ್ಲ.

ಮತ್ತು ನಮ್ಮ ಯುವಜನರಿಗೆ ಒಂದು ಮಾತು. ತಿರಸ್ಕಾರದ ಪತ್ರ ಕೈಗೆ ಬಂದಾಗ ಅದನ್ನು ನಿಮ್ಮ ಯೋಗ್ಯತೆಯ ಕುರಿತ ಅಂತಿಮ ತೀರ್ಪೆಂದು ಭಾವಿಸಬೇಡಿರಿ. ಅದರಲ್ಲಿ ತೋರಿಸಲಾದ ತಪ್ಪು ನಿಜವಾಗಿದ್ದರೆ ತಿದ್ದಿಕೊಳ್ಳಿರಿ, ಇಲ್ಲವಾದರೆ ಅದೇ ಬರಹವನ್ನು ಇನ್ನೊಂದು ಬಾಗಿಲಿಗೆ ಒಯ್ಯಿರಿ. ಶ್ರೇಷ್ಠವೆಂದು ಒಮ್ಮೆ ಅಚ್ಚಾಗಿದ್ದ ಎಂಟು ಪ್ರಬಂಧಗಳು ಹೆಸರು ಬದಲಾದ ಮಾತ್ರಕ್ಕೆ ಕಸದ ಬುಟ್ಟಿ ಸೇರಿದ್ದನ್ನು ನೆನಪಿಡಿರಿ. ಹೆತ್ತವರೂ ಅದನ್ನು ನೆನಪಿಡಲಿ. ಮಗ ಅಥವಾ ಮಗಳು ಸೋತು ಮನೆಗೆ ಮರಳಿದ ದಿನ, ಸಾಕು ಬಿಡು ಎನ್ನುವ ಮುನ್ನ, ತೂಗಿದ ತಕ್ಕಡಿ ಸರಿಯಾಗಿತ್ತೇ ಎಂದು ಒಮ್ಮೆ ಕೇಳಲಿ.