ತಿಂಗಳಿಗೊಂದು ಸವಾಲು, ವರ್ಷದ ಕೊನೆಗೆ ಒಂದು ಲೆಕ್ಕ

ಜನವರಿ ಬಂತು ಅಂದ್ರೆ ಫೋನ್ ತುಂಬಾ ಚಾಲೆಂಜ್‌ಗಳು. ಒಂದು ತಿಂಗಳು ಸಕ್ಕರೆ ಬಿಡೋದು, ಇನ್ನೊಂದು ತಿಂಗಳು ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯೋದು, ಮತ್ತೊಂದು ತಿಂಗಳು ಬೆಳಗ್ಗೆ ಐದಕ್ಕೆ ಏಳೋದು. ಹೀಗೆ ಹನ್ನೆರಡು ತಿಂಗಳಿಗೆ ಹನ್ನೆರಡು. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಮ್ಯಾಟ್ ಕಟ್ಸ್ ಅನ್ನೋರು 2011ರಲ್ಲಿ ಒಂದು ಚಿಕ್ಕ ಭಾಷಣ ಮಾಡಿ, ಮೂವತ್ತು ದಿನ ಏನಾದರೂ ಹೊಸದನ್ನ ಮಾಡಿ ನೋಡಿ ಅಂದರು. ಅದನ್ನ ಲಕ್ಷಾಂತರ ಜನ ನೋಡಿದರು, ಎಷ್ಟೋ ಜನ ಹಿಡಿದುಕೊಂಡರು.

ನಮ್ಮ ಕಡೆ ಇದನ್ನ ಕೇಳಿದ್ರೆ ನಗೋರೇ ಜಾಸ್ತಿ. ಐದಕ್ಕೆ ಏಳದಿದ್ರೆ ಡೈರಿಗೆ ಹಾಲು ಹೋಗೋದು ಹೇಗೆ? ಹತ್ತು ಸಾವಿರ ಹೆಜ್ಜೆ ಹೊಲಕ್ಕೂ ಕೊಟ್ಟಿಗೆಗೂ ಓಡಾಡೋದರಲ್ಲೇ ಮುಗಿದಿರುತ್ತೆ. ರೈತನಿಗೆ ದಿನಾ ಚಾಲೆಂಜೇ ಅಲ್ವಾ ಅಂತಾರೆ. ಮಾತು ನಿಜ. ಆದರೂ ಈ ತಿಂಗಳ ಸವಾಲು ಅನ್ನೋದು ಪಟ್ಟಣದವರಿಗಿಂತ ನಮಗೇ ಹೆಚ್ಚು ಬೇಕಾದದ್ದು ಅನ್ನೋದು ನನ್ನ ಅಭಿಪ್ರಾಯ. ಕಳೆದ ಯುಗಾದಿಯಿಂದ ಈ ಯುಗಾದಿವರೆಗೆ ಮಾಡಿ ನೋಡಿ ಹೇಳ್ತಾ ಇದೀನಿ.

ಯಾಕೆ ಅಂದ್ರೆ, ನಮ್ಮ ಕೆಲಸ ಎರಡು ಥರ. ಒಂದು, ಕಾಲವೇ ಬೆನ್ನು ಹತ್ತಿ ಮಾಡಿಸೋದು. ಹಿರಿಯರ ವರ್ಷದಲ್ಲಿ 27 ನಕ್ಷತ್ರ, ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಕೃತ್ತಿಕೆ ರೋಹಿಣಿಗೆ ಉಳುಮೆ, ಆರಿದ್ರ ಪುನರ್ವಸುಗೆ ರಾಗಿ ಬಿತ್ತನೆ, ಆಮೇಲೆ ಕುಂಟೆ, ಕಳೆ. ಇದನ್ನ ಯಾರೂ ನೆನಪಿಸಬೇಕಿಲ್ಲ. ಹದ ತಪ್ಪಿದ್ರೆ ಬೆಳೆ ತಪ್ಪುತ್ತೆ. ಇನ್ನೊಂದು ಥರದ ಕೆಲಸ ಮಾಡದೇ ಇದ್ರೆ ಅವತ್ತಿಗೆ ಏನೂ ಆಗಲ್ಲ. ಖರ್ಚು ಬರೆದಿಡೋದು, ಮಣ್ಣು ಪರೀಕ್ಷೆ ಮಾಡಿಸೋದು, ಬೋರ್ ನೀರು ಅಳೆಯೋದು, ಪಹಣಿ ತೆಗೆದು ಓದೋದು. ಮಾಡದಿದ್ರೂ ನಡೆಯುತ್ತೆ ಅನ್ನೋ ಕಾರಣಕ್ಕೇ ಇವು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗ್ತವೆ. ಇಂಥವಕ್ಕೇ ತಿಂಗಳ ಗಡುವು ಬೇಕಿರೋದು.

ಮೂರು ಕಟ್ಟುಪಾಡು ಹಾಕಿಕೊಂಡೆ. ಹಿಡಿದ ಕೆಲಸ ಆ ತಿಂಗಳಲ್ಲೇ ಒಂದು ಹಂತಕ್ಕೆ ಬರಬೇಕು. ಕೈಯಿಂದ ದೊಡ್ಡ ದುಡ್ಡು ಹಾಕಬಾರದು. ಗೊತ್ತಾದದ್ದನ್ನ ನೋಟ್‌ಬುಕ್ಕಲ್ಲಿ ಬರೀಬೇಕು. ಹೊಸ ಬೆಳೆ ಹಾಕೋದನ್ನ ತಿಂಗಳ ಸವಾಲು ಮಾಡ್ಕೋಬೇಡಿ. ಬೆಳೆಗೆ ಅದರದೇ ಕಾಲ ಬೇಕು. ಮಾಡಲೇಬೇಕು ಅನ್ನಿಸಿದ್ರೆ ಒಂದು ಗುಂಟೆಯಲ್ಲಿ ಮಾಡಿ, ಎಕರೆಗಟ್ಟಲೆ ಬೇಡ.

ಶುರು ಮಾಡಿದ್ದು ಏಪ್ರಿಲ್‌ನಲ್ಲಿ, ಖರ್ಚಿನ ಲೆಕ್ಕದಿಂದ. ಹೊನ್ನಾರು ಕಟ್ಟಿದ ಮೇಲೆ ನಮ್ಮ ವರ್ಷ ಶುರು, ಲೆಕ್ಕನೂ ಅಲ್ಲಿಂದಲೇ ಶುರುವಾಗಲಿ ಅಂತ. ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ, ಕೂಲಿ, ಬೂಸಾ, ಡೀಸೆಲ್, ಕೂಲಿಯವರ ಟೀ ಖರ್ಚು ಕೂಡ. ಇವೆಲ್ಲದಕ್ಕಿಂತ ಕಷ್ಟದ್ದು ಮನೆಯವರ ದುಡಿಮೆಗೆ ಬೆಲೆ ಹಾಕೋದು. ಹಾಲು ಕರೆಯೋದು, ಸಗಣಿ ಬಾಚೋದು, ಹುಲ್ಲು ಕುಯ್ದು ತರೋದು, ಇದಕ್ಕೆಲ್ಲ ನನ್ನ ಹೆಂಡತಿ ಎಷ್ಟು ಗಂಟೆ ಕೊಡ್ತಾಳೆ ಅಂತ ಒಂದು ತಿಂಗಳು ಗುರುತು ಹಾಕಿದ್ವಿ. ಹಾಲಿನ ದುಡ್ಡು ಯಾರ ಹೆಸರಿಗೆ ಬರುತ್ತೆ, ದುಡಿಮೆ ಯಾರದು ಅನ್ನೋದು ಆ ಹಾಳೆ ನೋಡಿದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ. ನಿಮ್ಮ ಮನೆಯಲ್ಲೂ ಇದೊಂದನ್ನ ಮಾತ್ರ ಬಿಡದೆ ಮಾಡಿ.

ಮೇ ತಿಂಗಳು ಮಣ್ಣಿಗೆ. ಬಿತ್ತನೆಗೆ ಮುಂಚೆ, ಗೊಬ್ಬರ ಚೆಲ್ಲೋಕೆ ಮುಂಚೆ ತೆಗೀಬೇಕು. ಬದು, ಮರದ ನೆರಳು, ತಿಪ್ಪೆ ಪಕ್ಕ ಬಿಟ್ಟು ಅಂಕುಡೊಂಕಾಗಿ ಹತ್ತು ಹನ್ನೆರಡು ಕಡೆ ಅರ್ಧ ಅಡಿ ಗುಂಡಿ ತೋಡಿ, ಗುಂಡಿಯ ಪಕ್ಕೆಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದುಕೊಳ್ಳಿ. ಎಲ್ಲಾ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡ್ತಾ ಬಂದು, ಕೊನೆಗೆ ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಿಸಿ. ಪರೀಕ್ಷೆ ವಿಷಯ ಕೇಳೋಕೆ ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ.

ಜೂನ್‌ನಲ್ಲಿ ಮಳೆ ಅಳತೆ. ಪಂಚಾಯ್ತಿ ಮಟ್ಟದಲ್ಲಿ ಸರ್ಕಾರದ ಮಳೆ ಮಾಪಕ ಇದ್ರೂ, ಅಲ್ಲಿ ಬಿದ್ದ ಮಳೆ ನಮ್ಮ ಹೊಲದಲ್ಲಿ ಬೀಳಬೇಕು ಅಂತೇನಿಲ್ಲ. ರಸ್ತೆ ಆಚೆ ಸುರಿದು ಈಚೆ ಒಣಗಿರೋದನ್ನ ನೀವೂ ಕಂಡಿದ್ದೀರಿ. ಮೇಲೂ ಕೆಳಗೂ ಒಂದೇ ಅಗಲ ಇರೋ ಡಬ್ಬ ಬಯಲಲ್ಲಿ ಇಟ್ಟು, ಬೆಳಗ್ಗೆ ಎಂಟೂವರೆಗೆ ಸ್ಕೇಲ್ ಇಟ್ಟು ಅಳೆದರೆ ಆಯ್ತು. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಅಂದ್ರೆ 25 ಮಿಲಿಮೀಟರ್‌ನ ಒಂದು ಮಳೆಗೆ ಒಂದು ಎಕರೆ ಮೇಲೆ ಒಂದು ಲಕ್ಷ ಲೀಟರ್, ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್. ಈ ಲೆಕ್ಕ ಒಂದ್ಸಲ ಹಾಕಿದವನಿಗೆ ಬದು ಒಡೆದು ನೀರು ಹೋಗೋದನ್ನ ನೋಡ್ಕೊಂಡು ಸುಮ್ಮನಿರೋಕೆ ಆಗಲ್ಲ. ನಮ್ಮ ಬದು ನಿಂತಿದ್ದು ಆ ಡಬ್ಬದಿಂದಲೇ.

ಜುಲೈನಲ್ಲಿ ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದ್ದು, ರಾಗಿ ಮಧ್ಯೆ ಅಕ್ಕಡಿ ಸಾಲು ಬಿಟ್ಟಿದ್ದು. ಅವರೆ, ತೊಗರಿ, ಹುಚ್ಚೆಳ್ಳು ಎಲ್ಲಾ ಅಲ್ಲೇ ಬರೋವಾಗ ಅಂಗಡಿಗೆ ಯಾಕೆ ಹೋಗಬೇಕು? ಆಗಸ್ಟ್‌ನಲ್ಲಿ ದಿನಾ ಅರ್ಧ ಗಂಟೆ ಬರಿಗೈಯಲ್ಲಿ ಬೆಳೆ ಸುತ್ತೋದು, ಸ್ಪ್ರೇಯರ್ ಮನೆಯಲ್ಲೇ ಬಿಟ್ಟು. ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಂದದ್ದು ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ, 2018ರಲ್ಲಿ. ಸುಳಿಯಲ್ಲಿ ಹುಳು ಚಿಕ್ಕದಿದ್ದಾಗ ಕಂಡ್ರೆ ಕೆಲಸ ಸುಲಭ, ದಪ್ಪ ಆದ ಮೇಲೆ ಔಷಧಿಗೆ ಸುರಿದ ದುಡ್ಡು ದಂಡ. ಸೆಪ್ಟೆಂಬರ್‌ನಲ್ಲಿ ಹಸುಗಳ ಹಾಲು, ಮೇವು ಬೇರೆ ಬೇರೆ ತೂಗಿದ್ದು. ಒಟ್ಟು ಹಾಲಿನ ಲೆಕ್ಕದಲ್ಲಿ ಯಾವ ಹಸು ಮನೆ ನಡೆಸ್ತಿದೆ, ಯಾವುದನ್ನ ನಾವು ಸಾಕ್ತಿದ್ದೀವಿ ಅನ್ನೋದು ಕಾಣಲ್ಲ.

ಅಕ್ಟೋಬರ್ ಬೋರ್‌ವೆಲ್‌ದು. ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸೋರು ಇದ್ದಾರೆ, ಎಷ್ಟು ಇಂಚು ನೀರು ಅಂತ ಹೇಳ್ತಾರೆ. ಗಂಟೆಗೆ ಎಷ್ಟು ಲೀಟರ್ ಅಂದ್ರೆ ಸುಮ್ಮನಾಗ್ತಾರೆ. ಇನ್ನೂರು ಲೀಟರಿನ ಡ್ರಮ್ ಇಟ್ಟು ಫೋನಲ್ಲಿ ಟೈಮ್ ಹಿಡಿಯಿರಿ. ಮೋಟಾರ್ ಹಾಕಿದ ತಕ್ಷಣ ಒಂದ್ಸಲ, ಎರಡು ಗಂಟೆ ಓಡಿದ ಮೇಲೆ ಒಂದ್ಸಲ. ಎರಡನೇದೇ ನಿಜವಾದ ಲೆಕ್ಕ. 80 ಸೆಕೆಂಡಿಗೆ ಡ್ರಮ್ ತುಂಬಿದ್ರೆ ಗಂಟೆಗೆ 9,000 ಲೀಟರ್. ಮಾರ್ಚ್‌ನಲ್ಲಿ ಅದೇ ಡ್ರಮ್‌ಗೆ 110 ಸೆಕೆಂಡ್ ಬೇಕಾದ್ರೆ ಗಂಟೆಗೆ 6,500 ಚಿಲ್ಲರೆ. ಈ ಎರಡು ಸಂಖ್ಯೆ ಕೈಯಲ್ಲಿದ್ರೆ ಬೇಸಿಗೆಗೆ ಎಷ್ಟು ಗುಂಟೆ ತರಕಾರಿ ಇಡಬಹುದು ಅಂತ ನಾಟಿಗೆ ಮುಂಚೆಯೇ ಹೇಳಬಹುದು. ಇಲ್ಲಾಂದ್ರೆ ಬೆಳೆ ಅರ್ಧಕ್ಕೆ ಬಂದ ಮೇಲೆ ಬೋರೇ ಹೇಳುತ್ತೆ.

ನವೆಂಬರ್‌ನಲ್ಲಿ ಕುಯ್ಲಿಗೆ ಮುಂಚೆ ಹೊಲದಲ್ಲಿ ನಡೆದು ಒಳ್ಳೇ ತೆನೆ ಆರಿಸಿ ಬಿತ್ತನೆಗೆ ಎತ್ತಿಟ್ಟಿದ್ದು. ಡಿಸೆಂಬರ್‌ನಲ್ಲಿ ಒಕ್ಕಣೆ ಆದಾಗ ಒಂದೊಂದು ಹೊಲದ ರಾಗಿ ಬೇರೆ ತೂಗಿದ್ದು, ಮೆದೆಯ ಹುಲ್ಲಿಗೂ ಬೆಲೆ ಕಟ್ಟಿದ್ದು.

ಜನವರಿ ಕಾಗದಪತ್ರಕ್ಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ನಿಮ್ಮ ಪಹಣಿ ತೆಗೆದು ಕೂತು ಓದಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? ತೀರಿಕೊಂಡ ತಾತನ ಹೆಸರೇ ಇದ್ರೆ ಪೌತಿ ಖಾತೆಗೆ ಅರ್ಜಿ ಕೊಡಿ. 11ನೇ ಕಾಲಂನಲ್ಲಿ ಋಣ ಏನಿದೆ? ಸಾಲ ತೀರಿಸಿ ವರ್ಷಗಳಾದರೂ ಬ್ಯಾಂಕಿನ ಹೆಸರು ಅಲ್ಲೇ ಕೂತಿರೋ ಪಹಣಿಗಳು ಬೇಕಾದಷ್ಟಿವೆ. 12ರಲ್ಲಿ ನೀವು ಬೆಳೆದ ಬೆಳೆಯೇ ಇದೆಯಾ? ನೀವು ರಾಗಿ ಬೆಳೆದು ದಾಖಲೆ ಬೇರೆ ಹೇಳ್ತಿದ್ರೆ ಖರೀದಿ ಕೇಂದ್ರದಲ್ಲೂ ಪರಿಹಾರಕ್ಕೂ ತೊಂದರೆ. ಅಣ್ಣತಮ್ಮಂದಿರ ನಡುವೆ ಪೋಡಿ ಆಗಿದೆಯಾ? ಇದೆಲ್ಲ ಒಂದು ತಿಂಗಳಲ್ಲಿ ಮುಗಿಯಲ್ಲ, ಆದರೆ ಅರ್ಜಿ ಕೊಟ್ಟು ನಂಬರ್ ತಗೊಳ್ಳೋದು ಮುಗಿಯುತ್ತೆ.

ಫೆಬ್ರವರಿ ನಮ್ಮ ಮೈಗೆ. ಆಸ್ಪತ್ರೆಗೆ ಹೋಗಿ ಬಿಪಿ, ಶುಗರ್ ನೋಡಿಸೋದು, ಗಂಡ ಹೆಂಡತಿ ಇಬ್ಬರೂ. ಹಸುವಿಗೆ ಜ್ವರ ಬಂದ್ರೆ ರಾತ್ರಿಯಲ್ಲೇ ಡಾಕ್ಟರನ್ನ ಕರೀತೀವಿ, ನಮಗೆ ಬಂದ್ರೆ ನಾಳೆ ನೋಡೋಣ ಅಂತೀವಿ. ಮಾರ್ಚ್‌ನಲ್ಲಿ ಹನ್ನೊಂದು ತಿಂಗಳ ಪುಟಗಳನ್ನ ಕೂಡಿಸಿ, ಮನೆಯವರೆಲ್ಲ ಕೂತು, ಎಕರೆಗೆ ಏನು ಉಳೀತು ಅಂತ ನೋಡೋದು.

ಈಗ ಮುಖ್ಯ ಮಾತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೇಲೆ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿದ್ದೀವಿ ಅಂದರು. ಜೊತೆಗೆ, ಸ್ವಂತ ಇಚ್ಛೆಯಿಂದ ಕೊಡೋರ ಜಮೀನು ತಗೊಳ್ತೀವಿ ಅಂತಾನೂ ಅಂದರು. ಎರಡನೇ ಮಾತನ್ನ ನಾವು ಚೆನ್ನಾಗಿ ಕೇಳಿಸ್ಕೋಬೇಕು. ಕೊಡೋದೋ ಬಿಡೋದೋ ಅನ್ನೋದು ಈಗ ಒಂದೊಂದು ಮನೆಯ ಒಳಗಿನ ತೀರ್ಮಾನ. ಅಲ್ಲಿ ಮಾತ್ರ ಅಲ್ಲ, ಹೊಸಕೋಟೆ, ನೆಲಮಂಗಲ, ನಮ್ಮ ದೊಡ್ಡಬಳ್ಳಾಪುರದಲ್ಲೂ ಅಷ್ಟೇ. ಬ್ರೋಕರ್ ಬಂದು ಎಕರೆಗೆ ಇಷ್ಟು ಕೋಟಿ ಅಂತ ಹೇಳ್ತಾನೆ. ಅವನ ಹತ್ತಿರ ಒಂದು ಸಂಖ್ಯೆ ಇದೆ. ನಮ್ಮ ಹತ್ತಿರ? "ಏನೋ, ಹೊಟ್ಟೆಗೆ ಬಟ್ಟೆಗೆ ಆಗ್ತಾ ಐತೆ" ಅನ್ನೋ ಮಾತಿದೆ. ಮಾತಿಗೂ ಸಂಖ್ಯೆಗೂ ಪೈಪೋಟಿ ಆದ್ರೆ ಸಂಖ್ಯೆ ಗೆಲ್ಲುತ್ತೆ. ಓದಿದ ಮಗ ಪಕ್ಕದಲ್ಲಿ ನಿಂತು ಕೇಳ್ತಾ ಇರ್ತಾನೆ.

2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಹತ್ತು ಕ್ವಿಂಟಲ್ ಬಂದ್ರೆ 48,860. ಅದರಲ್ಲಿ ಖರ್ಚು ಕಳೆದರೆ ಎಷ್ಟು? ಹುಲ್ಲು ಹಸು ತಿಂದು ಹಾಲಾಗಿದ್ದು ಎಷ್ಟು? ಅಕ್ಕಡಿ ಸಾಲಿನ ಅವರೆ, ತೊಗರಿ ಎಷ್ಟು? ಮನೆಗೆ ತಿಂದ ರಾಗಿಗೆ ಅಂಗಡಿ ಬೆಲೆ ಎಷ್ಟು? ಇದಕ್ಕೆ ಉತ್ತರ ಕೊಡೋದು ಪುಸ್ತಕ, ನೆನಪಲ್ಲ. ಲೆಕ್ಕ ನೋಡಿದ ಮೇಲೂ ಯಾರಾದ್ರೂ ಮಾರ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ. ಸಾಲ, ಕಾಯಿಲೆ, ಮಕ್ಕಳ ಓದು ಎಲ್ಲರ ಮನೆಯಲ್ಲೂ ಇದೆ. ಉಳಿಸ್ಕೋತೀನಿ ಅಂದ್ರೂ ಹಟಕ್ಕೆ ಉಳಿಸ್ಕೊಂಡ ಅನ್ನೋ ಹಾಗಾಗಬಾರದು. ಎರಡಕ್ಕೂ ಲೆಕ್ಕ ಬೇಕು.

"ಬರೆದಿಟ್ರೆ ಸಾಲ ತೀರುತ್ತಾ?" ಅಂತ ನಮ್ಮೂರ ಗೆಳೆಯ ಒಬ್ಬ ಕೇಳಿದ. ತೀರಲ್ಲ. ಬೆಲೆ ಬೀಳೋದೂ ನಿಲ್ಲಲ್ಲ, ಮಳೆನೂ ಬರಲ್ಲ. ಆದರೆ ಯಾವ ಹೊಲದಲ್ಲಿ ದುಡ್ಡು ಸೋರ್ತಾ ಇದೆ ಅಂತ ಗೊತ್ತಾದ್ರೆ ಮುಂದಿನ ಸಾಲ ಚಿಕ್ಕದಾಗುತ್ತೆ.

ಇನ್ನೊಂದು ಆಕ್ಷೇಪ, ತಿಂಗಳು ಮುಗಿದ ಮೇಲೆ ಎಲ್ಲಾ ಬಿಟ್ಟು ಹೋಗುತ್ತೆ ಅನ್ನೋದು. ಇದರಲ್ಲಿ ಹುರುಳಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಕೆಲಸ ಅಭ್ಯಾಸ ಆಗೋಕೆ ಸರಾಸರಿ 66 ದಿನ ಹಿಡೀತು. ಕೆಲವರಿಗೆ 18, ಕೆಲವರಿಗೆ 254 ದಿನದವರೆಗೂ ಬೇಕು ಅಂತ ಅಂದಾಜು ಬಂತು. ಮೂವತ್ತು ದಿನ ಸಾಲದು. ನಮ್ಮ ತಾಲ್ಲೂಕಿನ ಹೆಸರಾಂತ ಸಾವಯವ ರೈತ, 2019ರಲ್ಲಿ ತೀರಿಕೊಂಡ ನಾರಾಯಣ ರೆಡ್ಡಿಯವರು ರಾಸಾಯನಿಕದಿಂದ ಸಾವಯವಕ್ಕೆ ಹೊರಳಿದ್ದೂ ತಿಂಗಳೊಪ್ಪತ್ತಿನ ಕೆಲಸ ಅಲ್ಲ. ಹಾಗಾಗಿ ಹನ್ನೆರಡನ್ನೂ ಜೀವನಪೂರ್ತಿ ಹೊರಬೇಕಿಲ್ಲ. ಮಣ್ಣು, ಪಹಣಿ, ಬೋರು ವರ್ಷಕ್ಕೊಮ್ಮೆ ಎರಡು ಸಲ ಸಾಕು. ದಿನಾ ಉಳಿಸಿಕೊಳ್ಳಬೇಕಾದ್ದು ಖರ್ಚಿನ ಪುಸ್ತಕ ಒಂದೇ. ನಮ್ಮ ಮನೆಯಲ್ಲಿ ಉಳಿದಿರೋದು ಅದು ಮತ್ತು ಮಳೆ ಡಬ್ಬ. ಡಬ್ಬ ಈಗ ಮಗಳ ಕೆಲಸ. ಸ್ಕೂಲಿಗೆ ಹೋಗೋ ಮುಂಚೆ ಅಳೆದು ಬರೆದು ಹೋಗ್ತಾಳೆ.

ಯುಗಾದಿ ಈಗಷ್ಟೇ ಮುಗಿದಿದೆ. ಹನ್ನೆರಡೂ ಬೇಡ ಅಂದ್ರೆ ಮೂರು ಮಾಡಿ: ಖರ್ಚು, ಬೋರು, ಪಹಣಿ. ನಲವತ್ತು ರೂಪಾಯಿ ನೋಟ್‌ಬುಕ್ಕು, ಮನೆಯಲ್ಲಿರೋ ಡ್ರಮ್ಮು ಸಾಕು. ಬೋರು ಅಳೆದವರು ಎಷ್ಟು ಸೆಕೆಂಡಿಗೆ ಡ್ರಮ್ ತುಂಬಿತು, ಯಾವ ಊರು, ಎಷ್ಟು ಅಡಿ ಅಂತ ಬರೆದು ಕಳಿಸಿ. ಹತ್ತಾರು ಊರಿನದು ಸೇರಿದ್ರೆ ಬೇಸಿಗೆಗೆ ಯಾವ ಕಡೆ ಏನು ಬೆಳೀಬಹುದು ಅಂತ ಕೂತು ಮಾತಾಡೋಣ.