ಒಂದೂವರೆ ಅಡಿಯ ಅನ್ಯಾಯ

ಗಾಲಿಕುರ್ಚಿಯಲ್ಲಿ ಒಬ್ಬನೇ ರೈಲಿಗೆ ಬಂದವನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಜೊತೆಗೆ ಯಾರೂ ಇಲ್ಲವೆ?" ಇದು ಬರಿಯ ಬಾಯಿಮಾತಲ್ಲ, ರೈಲ್ವೆಯ ಕಾಗದದಲ್ಲೇ ಅಚ್ಚಾಗಿದೆ. ನಡೆಯಲಾಗದವನಿಗೆ ಎರಡನೆಯ ದರ್ಜೆಯಲ್ಲಿ ನೂರಕ್ಕೆ 75ರ ರಿಯಾಯಿತಿ ಸಿಗಬೇಕಾದರೆ, ಇವನು ಜೊತೆಗಾರನಿಲ್ಲದೆ ಪ್ರಯಾಣ ಮಾಡಲಾರನೆಂದು ಡಾಕ್ಟರು ಬರೆದುಕೊಡಬೇಕು. ಜೊತೆಗಾರನಿಗೂ ಅದೇ ರಿಯಾಯಿತಿ ಉಂಟು, ನಿಜ. ಆದರೆ ಅವನು ಕಳೆದುಕೊಳ್ಳುವ ದಿನಗೂಲಿಯನ್ನು ಕೊಡುವವರು ಯಾರು? ಅಂಗಡಿಗೆ ಬಾಗಿಲು ಹಾಕಿ ಬಂದ ತಮ್ಮನ ನಷ್ಟ ತುಂಬುವವರು ಯಾರು?

ಅವನನ್ನು ಪರಾಧೀನ ಮಾಡಿದ್ದು ಕಾಲಲ್ಲ, ಮೆಟ್ಟಿಲು. ಎತ್ತರದ ಪ್ಲಾಟ್‌ಫಾರಮ್ಮಿನಿಂದಲೂ ಬೋಗಿಯ ನೆಲ ಸುಮಾರು ಒಂದೂವರೆ ಅಡಿ ಮೇಲೆ. ಗಾರ್ಡಿನ ಡಬ್ಬಿಯ ಪಕ್ಕದಲ್ಲಿ ಅಗಲ ಬಾಗಿಲಿನ ಕೋಣೆ ಮಾಡಿ ಗಾಡಿಯ ತುದಿಗೆ ತಳ್ಳಿದ್ದಾರೆ. ಬಾಗಿಲು ಅಗಲವಾಯಿತು, ಮೆಟ್ಟಿಲು ಇಳಿಯಲಿಲ್ಲ. ಎರಡು ನಿಮಿಷ ನಿಲ್ಲುವ ಗಾಡಿಗೆ ಮನುಷ್ಯನನ್ನು ಮೂಟೆಯಂತೆ ಎತ್ತಿಹಾಕಬೇಕು!

ಇದು ಆಗದ ಕೆಲಸವೆನ್ನುವವರು ಬೆಂಗಳೂರಿನ ಮೆಟ್ರೊ ನೋಡಲಿ. 2011ರಿಂದ ಓಡುತ್ತಿರುವ ಆ ಗಾಡಿಯ ನೆಲವೂ ಪ್ಲಾಟ್‌ಫಾರಮ್ಮೂ ಹೆಚ್ಚುಕಡಿಮೆ ಸಮ. ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ.

2015ರಲ್ಲಿ ಪ್ರಧಾನಿಗಳು ಅಂಗವಿಕಲರನ್ನು 'ದಿವ್ಯಾಂಗ'ರೆಂದು ಕರೆಯಿರಿ ಎಂದರು. 2016ರಲ್ಲಿ ಪಾರ್ಲಿಮೆಂಟು ಅವರ ಹಕ್ಕಿನ ಕಾಯಿದೆ ಮಾಡಿತು. ಹೆಸರು ಬಂತು, ಕಾಯಿದೆ ಬಂತು. ಒಂದೂವರೆ ಅಡಿ ಹಾಗೇ ಉಳಿಯಿತು.

ಇದು ಪರರ ಪಾಡೆಂದು ಸುಮ್ಮನಿರುವಂತಿಲ್ಲ. ಗಿರಣಿಯ ಯಂತ್ರಕ್ಕೆ ನಾಳೆ ನಮ್ಮಲ್ಲಿ ಯಾರ ಕಾಲು ಸಿಕ್ಕೀತೋ ಬಲ್ಲವರಾರು? ನಾವು ದಯೆ ಬೇಡುತ್ತಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಇಳಿಜಾರು ಹಲಗೆ ಇರಲಿ. ಅದನ್ನು ಹಾಕಲು ಸಂಬಳದ ನೌಕರನಿರಲಿ. ಟಿಕೆಟ್ಟು ಕೊಂಡವನು ಒಬ್ಬನೇ ಹತ್ತಲಿ, ಒಬ್ಬನೇ ಇಳಿಯಲಿ.